ಬೆಟ್ಟದ ಗಾಳಿಯನ್ನು ಪೀಣ್ಯದ ಶೆಡ್ಡಿಗೆ ತರುವ ಬಗೆ

ಚಿತ್ರದುರ್ಗದ ಕಡೆಯ ಬೆಟ್ಟದಿಂದ ಬಂದ 750 ಕಿಲೋವ್ಯಾಟ್ ಗಾಳಿಯಂತ್ರದ ಗೇರ್‌ಬಾಕ್ಸ್ ಒಂದನ್ನು ಬೆಂಗಳೂರಿನ ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ ದುರಸ್ತಿ ಮಾಡಿ, ಪರೀಕ್ಷೆಯ ಬೆಂಚಿನ ಮೇಲೆ ಪೂರ್ಣ ಟಾರ್ಕ್‌ನಲ್ಲಿ, ಅಂದರೆ ಪೂರ್ಣ ತಿರುಚು ಬಲದಲ್ಲಿ, ಎಂಟು ಗಂಟೆ ಓಡಿಸಿ, ನೆಮ್ಮದಿಯಿಂದ ಕಳುಹಿಸಿದ್ದೆವು. ಹನ್ನೊಂದು ತಿಂಗಳಿಗೆ ಅದು ಟ್ರೇಲರ್ ಏರಿ ಮರಳಿ ಬಂತು. ಇದರೊಳಗೆ ನಡುವಿನ ಸನ್ ಗೇರ್‌ಗೂ ಹೊರಸುತ್ತಿನ ರಿಂಗ್ ಗೇರ್‌ಗೂ ಮಧ್ಯೆ ಮೂರು ಪ್ಲಾನೆಟ್ ಗೇರ್‌ಗಳು ಸುತ್ತುತ್ತವೆ; ಅವನ್ನು ಪಿನ್‌ಗಳ ಮೇಲೆ ಹೊತ್ತು ತಿರುಗುವ ಭಾಗವೇ ಕ್ಯಾರಿಯರ್. ಬಿಚ್ಚಿ ನೋಡಿದರೆ ಪ್ಲಾನೆಟ್ ಬೇರಿಂಗ್‌ನ ಒಳರಿಂಗ್ ಸಿಪ್ಪೆ ಎದ್ದಿತ್ತು. ಕ್ಯಾರಿಯರ್ ಬೇರಿಂಗ್‌ನಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಸಡಿಲಿತ್ತು. ಆ ಸಡಿಲನ್ನು ನಾನೇ ವಿನ್ಯಾಸ ಮಾಡಿದ ಬೆಂಚ್ ಹಿಡಿದುಕೊಡಬೇಕಿತ್ತು. ಬೆಂಚ್ ಗೇರ್‌ಬಾಕ್ಸನ್ನು ತಿರುಚಿತ್ತು, ಬಗ್ಗಿಸಿರಲಿಲ್ಲ. ಬೆಟ್ಟದ ಮೇಲಿನ ಗಾಳಿ ಎರಡನ್ನೂ ಮಾಡುತ್ತದೆ. ಇಂಥ ಬೆಂಚ್ ಕಟ್ಟಲು ಹೊರಟವರು ನನ್ನ ತಪ್ಪನ್ನು ಮತ್ತೆ ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ನಿಮಿಷಕ್ಕೆ 22 ಸುತ್ತು ತಿರುಗುವ ರೋಟರ್ 750 ಕಿಲೋವ್ಯಾಟ್ ಕೊಡಬೇಕಾದರೆ ಅದರ ಶಾಫ್ಟ್ ಮೇಲೆ ಸುಮಾರು 325 ಕಿಲೋನ್ಯೂಟನ್ ಮೀಟರ್ ಟಾರ್ಕ್ ಬೀಳುತ್ತದೆ. ಜನರೇಟರ್ ಬದಿಯಲ್ಲಿ, 1,500 ಸುತ್ತಿನಲ್ಲಿ, ಅದೇ ಶಕ್ತಿಗೆ 4.8 ಸಾಕು. ಆದ್ದರಿಂದ ನಿಧಾನದ ಶಾಫ್ಟನ್ನು ನೇರವಾಗಿ ತಿರುಗಿಸುವ ಮೋಟಾರ್ ಹುಡುಕಲು ಹೋಗಬೇಡಿ. ಅಂಥದೇ ಇನ್ನೊಂದು ಗೇರ್‌ಬಾಕ್ಸ್ ತಂದು, ಎರಡನ್ನೂ ಮುಖಾಮುಖಿ ಇಟ್ಟು, ನಿಧಾನದ ಶಾಫ್ಟ್‌ಗಳನ್ನು ಒಂದಕ್ಕೊಂದು ಜೋಡಿಸಿ. ಜೊತೆಗಾರ ಗೇರ್‌ಬಾಕ್ಸ್‌ನ ವೇಗದ ಶಾಫ್ಟ್‌ಗೆ ಮೋಟಾರ್, ಪರೀಕ್ಷೆಯದಕ್ಕೆ ಜನರೇಟರ್. ಎರಡರ ಡ್ರೈವ್‌ಗಳಿಗೂ (ಅವುಗಳ ವೇಗ, ಟಾರ್ಕ್ ನಿಯಂತ್ರಿಸುವ ವಿದ್ಯುತ್ ಉಪಕರಣಗಳಿಗೆ) ಒಂದೇ ಡಿಸಿ ಬಸ್, ಅಂದರೆ ನೇರ ವಿದ್ಯುತ್ತಿನ ಒಂದೇ ಹಂಚಿಕೆ ತಂತಿ, ಕೊಟ್ಟರೆ ಜನರೇಟರ್‌ನ ವಿದ್ಯುತ್ ಮತ್ತೆ ಮೋಟಾರಿಗೇ ಸುತ್ತಿ ಬರುತ್ತದೆ; ಬೆಸ್ಕಾಂ ಲೈನಿನಿಂದ ಎಳೆಯುವುದು ನಷ್ಟವಾದಷ್ಟನ್ನು ಮಾತ್ರ. ಎಲ್ಲ ನಷ್ಟ ಸೇರಿ ಶೇ 20 ಎಂದು ಧಾರಾಳವಾಗಿ ಹಿಡಿದರೂ ಅದು 150 ಕಿಲೋವ್ಯಾಟ್. ಮೋಟಾರನ್ನು ವೇಗದ ನಿಯಂತ್ರಣದಲ್ಲಿ, ಜನರೇಟರನ್ನು ಟಾರ್ಕ್ ನಿಯಂತ್ರಣದಲ್ಲಿ ಇಡಿ. ಎರಡಕ್ಕೂ ವೇಗದ ಹೊಣೆ ಕೊಟ್ಟರೆ ಒಂದನ್ನೊಂದು ಜಗ್ಗಾಡುತ್ತವೆ.

ಮುಖಾಮುಖಿ ಇಟ್ಟಾಗ ಜೊತೆಗಾರ ಗೇರ್‌ಬಾಕ್ಸ್ ಉಲ್ಟಾ ತಿರುಗುತ್ತದೆ. ಹಲ್ಲಿನ ಸರಿಯಾದ ಮುಖದ ಮೇಲೆಯೇ ಭಾರ ಬೀಳುವುದರಿಂದ ಹಲ್ಲುಗಳಿಗೆ ತೊಂದರೆಯಿಲ್ಲ. ಆದರೆ ಅದರ ಶಾಫ್ಟ್‌ನಿಂದಲೇ ಓಡುವ ಎಣ್ಣೆ ಪಂಪ್ ಕೂಡ ಉಲ್ಟಾ ತಿರುಗಿ, ಎಣ್ಣೆಯನ್ನು ಎಳೆಯುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ ಪ್ರತ್ಯೇಕ ವಿದ್ಯುತ್ ಪಂಪ್ ಇಡಿ. ಎಣ್ಣೆಯ ಒತ್ತಡ ಬರುವ ತನಕ ಮೋಟಾರ್ ಚಾಲೂ ಆಗದಂತೆ ಇಂಟರ್‌ಲಾಕ್ ಹಾಕಿ. ಒಂದೊಂದು ಗೇರ್‌ಬಾಕ್ಸ್ ಶೇ 3ರಷ್ಟು ಕಳೆದುಕೊಂಡರೂ 22 ಕಿಲೋವ್ಯಾಟ್‌ಗೂ ಹೆಚ್ಚು ಶಾಖ ಎಣ್ಣೆಗೆ ಸೇರುತ್ತದೆ, ಕೂಲರ್ ಬೇಕೇ ಬೇಕು.

ಇನ್ನು ಚೌಕಟ್ಟು. ಗೇರ್‌ಬಾಕ್ಸ್ ತಾನೇ ತಿರುಗಿಹೋಗದಂತೆ ಎರಡು ಬದಿಗೂ ಹಿಡಿಯುವ ಟಾರ್ಕ್ ಆರ್ಮ್‌ಗಳ ನಡುವೆ ಎರಡು ಮೀಟರ್ ಅಂತರವಿದ್ದರೆ ಒಂದು ಬದಿ ಹದಿನಾರು ಟನ್ನಿಗೂ ಮಿಗಿಲಾಗಿ ಕೆಳಗೆ ಒತ್ತುತ್ತದೆ, ಇನ್ನೊಂದು ಅಷ್ಟೇ ಬಲದಿಂದ ಮೇಲಕ್ಕೆ ಕೀಳುತ್ತದೆ. ಎರಡು ಗೇರ್‌ಬಾಕ್ಸ್‌ಗಳ ಬಲಗಳು ಪರಸ್ಪರ ವಿರುದ್ಧ. ಎರಡನ್ನೂ ಒಂದೇ ಬೆಸುಗೆ ಚೌಕಟ್ಟಿನ ಮೇಲೆ ಕೂರಿಸಿದರೆ ಈ ಬಲಗಳು ನೆಲಕ್ಕೆ ಇಳಿಯದೆ ಚೌಕಟ್ಟಿನೊಳಗೇ ತೀರಿಹೋಗುತ್ತವೆ. ತಿರುಚಿಗೆ ಬಗ್ಗದಂತೆ ಅದು ಪೆಟ್ಟಿಗೆಯಾಕಾರದ್ದಾಗಿರಲಿ.

ನಾನು ಹಿಂದೆ ಎಡವಿದ್ದು ಆರ್ಮ್‌ಗಳ ವಿಷಯದಲ್ಲಿ. ಅವುಗಳನ್ನು ಗಟ್ಟಿ ಬೋಲ್ಟ್ ಹಾಕಿ ಬಿಗಿದಿದ್ದೆ. ಗಾಳಿಯಂತ್ರದಲ್ಲಿ ಅಲ್ಲಿ ರಬ್ಬರ್ ಬುಷ್‌ಗಳಿರುತ್ತವೆ. ಮುಂದೆ ಒಂದೇ ಮುಖ್ಯ ಬೇರಿಂಗ್, ಹಿಂದೆ ಈ ಎರಡು ಆರ್ಮ್‌ಗಳು. ರೋಟರ್‌ನ ತೂಕ, ಗಾಳಿಯ ಓರೆ ಹೊಡೆತ ಮುಖ್ಯ ಶಾಫ್ಟನ್ನು ಬಗ್ಗಿಸುತ್ತಾ ಗೇರ್‌ಬಾಕ್ಸ್ ತನಕ ತಲುಪುತ್ತವೆ. ಸನ್ ಗೇರ್ ಸ್ವಲ್ಪ ಓಲಾಡಲು ಬಿಟ್ಟ ಮೂರು ಪ್ಲಾನೆಟ್‌ಗಳ ವ್ಯವಸ್ಥೆ ಮೂರು ಕಲ್ಲಿನ ಒಲೆಯಂತೆ: ಮೇಲಿಟ್ಟ ಮಡಕೆ ತಾನಾಗಿ ಕೂರುತ್ತದೆ, ಭಾರ ಮೂರಕ್ಕೂ ಹಂಚಿಹೋಗುತ್ತದೆ. ಕ್ಯಾರಿಯರ್ ಓರೆಯಾದರೆ ಆ ಸಮತೋಲವೇ ಕೆಡುತ್ತದೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2007ರಲ್ಲಿ ಆರಂಭಿಸಿದ ಗೇರ್‌ಬಾಕ್ಸ್ ಸಂಶೋಧನೆಯಲ್ಲಿ, ಇದೇ 750 ಕಿಲೋವ್ಯಾಟ್ ಗಾತ್ರದವನ್ನು ಪರೀಕ್ಷಿಸಿದಾಗ ಕಂಡದ್ದೂ ಇದನ್ನೇ: ಬಗ್ಗಿಸುವ ಬಲಕ್ಕೆ ಕ್ಯಾರಿಯರ್ ಬೇರಿಂಗ್‌ನ ಸಡಿಲು ಜೊತೆಯಾದರೆ ಪ್ಲಾನೆಟ್‌ಗಳು ಹೊರುವ ಭಾರದ ಪಾಲು ಏರುಪೇರಾಗುತ್ತದೆ.

ಹಾಗಾಗಿ ಆರ್ಮ್‌ಗಳಿಗೆ ಯಂತ್ರದಲ್ಲಿರುವ ಬುಷ್‌ಗಳನ್ನೇ ಹಾಕಿ. ಎರಡು ಗೇರ್‌ಬಾಕ್ಸ್‌ಗಳ ನಡುವೆ ಮುಖ್ಯ ಶಾಫ್ಟ್‌ನಂಥ ಒಂದು ಶಾಫ್ಟ್ ಇಟ್ಟು, ಅದರ ಮೇಲೆ ಬೇರಿಂಗ್ ಕೂರಿಸಿ, ಹೈಡ್ರಾಲಿಕ್ ಸಿಲಿಂಡರ್‌ನಿಂದ ಮೇಲಕ್ಕೂ ಪಕ್ಕಕ್ಕೂ ಒತ್ತಿ. ಜೊತೆಗಾರ ಗೇರ್‌ಬಾಕ್ಸ್ ಈ ಬಾಗಿಗೆ ಬಲಿಯಾಗದಂತೆ ಅದರ ಬದಿಗೆ ಓರೆಯನ್ನು ತಾಳುವ ಕಪ್ಲಿಂಗ್ ಇರಲಿ.

ಅಳೆಯುವುದಕ್ಕೆ ರಿಂಗ್ ಗೇರ್ ಸುತ್ತ, ಹಲ್ಲಿನ ಬುಡದಲ್ಲಿ, ಮೂರು ಕಡೆ ಸ್ಟ್ರೇನ್ ಗೇಜ್ (ಲೋಹ ಎಷ್ಟು ಹಿಗ್ಗಿತು ಎಂದು ಅಳೆಯುವ ತೆಳು ಪಟ್ಟಿ) ಅಂಟಿಸಿ. ಕ್ಯಾರಿಯರ್‌ನ ಒಂದು ಸುತ್ತಿಗೆ ಪ್ರತಿ ಗೇಜ್‌ನಲ್ಲೂ ಮೂರು ಏರುಗಳು ಕಾಣುತ್ತವೆ. ಒಂದೇ ಗೇಜ್‌ನಲ್ಲಿ ಅವುಗಳ ಎತ್ತರ ಬೇರೆಬೇರೆಯಾದರೆ ಯಾವುದೋ ಪ್ಲಾನೆಟ್‌ನ ಪಿನ್ ತನ್ನ ಜಾಗದಲ್ಲಿಲ್ಲ ಎಂದು ಅನುಮಾನಿಸಿ. ಸಿಲಿಂಡರ್ ಒತ್ತಿದ ಕೂಡಲೇ ಗೇಜ್‌ನಿಂದ ಗೇಜ್‌ಗೆ ವ್ಯತ್ಯಾಸ ಬೆಳೆದರೆ ಕ್ಯಾರಿಯರ್ ಓರೆಯಾಗುತ್ತಿದೆ. ಮರಳಿ ಬಂದ ಆ ಗೇರ್‌ಬಾಕ್ಸನ್ನು ಹೊಸ ಬೆಂಚಿನಲ್ಲಿ ಅದೇ ಹಳೆಯ ಕ್ಯಾರಿಯರ್ ಬೇರಿಂಗ್ ಹಾಕಿ ಓಡಿಸಿದಾಗ ಪರದೆಯ ಮೇಲೆ ಇದು ಹತ್ತು ನಿಮಿಷದಲ್ಲಿ ಕಂಡಿತು.

ಕಂಪನ ಅಳೆಯುವ ಸೆನ್ಸರ್ ಕೊಳ್ಳುವಾಗ ಕೆಳಗಿನ ಆವರ್ತನಗಳ ಕಡೆಗೂ ಗಮನವಿರಲಿ. ರಿಂಗ್‌ಗೆ 99, ಪ್ಲಾನೆಟ್‌ಗೆ 39, ಸನ್‌ಗೆ 21 ಹಲ್ಲುಗಳಿದ್ದರೆ 22 ಸುತ್ತಿನಲ್ಲಿ ಹಲ್ಲು ಕೂಡುವ ಆವರ್ತನ 36.3 ಹರ್ಟ್ಸ್, ಪ್ಲಾನೆಟ್‌ಗಳು ಹಾದುಹೋಗುವುದು 1.1 ಹರ್ಟ್ಸ್‌ನಲ್ಲಿ. ಸಾಮಾನ್ಯ ಮೋಟಾರುಗಳಿಗೆ ಬಳಸುವ ಸೆನ್ಸರ್ 1.1 ಹರ್ಟ್ಸ್‌ನಷ್ಟು ನಿಧಾನದ ಕಂಪನವನ್ನು ಸರಿಯಾಗಿ ಹಿಡಿಯದಿರಬಹುದು.

ಓಡಿಸುವಾಗ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಭಾರ ಏರಿಸುತ್ತಾ ಹೋಗಿ. ಪ್ರತಿ ಹಂತದಲ್ಲೂ ಎಣ್ಣೆಯ ತಾಪ ಒಂದೆಡೆ ನಿಲ್ಲುವ ತನಕ ಕಾಯಿರಿ. ಕೊನೆಗೆ ಎಣ್ಣೆಯ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಳಿ ಕಾಗದದ ಮೇಲೆ ಬಿಡಿಸಿ, ಅಯಸ್ಕಾಂತ ಆಡಿಸಿ ನೋಡಿ. ಹೊಳೆಯುವ ಚಪ್ಪಟೆ ಚೂರುಗಳು ಸಿಕ್ಕರೆ, ಟ್ರೇಲರ್ ಗೇಟಿನಲ್ಲಿ ಕಾಯುತ್ತಿದ್ದರೂ ನಾನು ಆ ಗೇರ್‌ಬಾಕ್ಸ್‌ನ ಕಾಗದಕ್ಕೆ ಸಹಿ ಹಾಕುವುದಿಲ್ಲ.