ಸೇನೆಯಿಂದ ಬಂದವನು 'ನಂಗೇನೂ ಆಗಿಲ್ಲ' ಅಂದಾಗ

ಮೊದಲೇ ಹೇಳಿಬಿಡುತ್ತೇನೆ, ಯುದ್ಧದ ನೆನಪು ಕಾಡುತ್ತಿರುವವನನ್ನು ಎದುರಿಗೆ ಕೂರಿಸಿಕೊಂಡು 'ಮನಸ್ಸು ಬಿಚ್ಚಿ ಮಾತಾಡು' ಅನ್ನಬೇಡಿ. ಅವನು ಇನ್ನಷ್ಟು ಬಾಯಿ ಮುಚ್ಚಿಕೊಳ್ಳುತ್ತಾನೆ. ನೋವು ನುಂಗಿಕೋ, ಭಯ ತೋರಿಸಬೇಡ ಅಂತಲೇ ವರ್ಷಗಟ್ಟಲೆ ಪಳಗಿದವನು ಅವನು. ಗುಂಡು ಹಾರುವ ಕಡೆ ಅದು ಜೀವ ಉಳಿಸಿದೆ. ಮನೆಗೆ ಬಂದ ಮೇಲೆ ಮನಸ್ಸಿನ ಗಾಯ ಮಾಯದಂತೆ ಮಾಡುವುದೂ ಅದೇ, ಯಾಕಂದ್ರೆ ನೆನಪಿನಿಂದ ತಪ್ಪಿಸಿಕೊಂಡಷ್ಟೂ ಅದು ಹಸಿಯಾಗಿಯೇ ಉಳಿಯುತ್ತದೆ.

ಪಕ್ಕದಲ್ಲಿರಿ. ಗಾಡಿ ತೊಳೆಯುವಾಗಲೋ ನಡೆದು ಹೋಗುವಾಗಲೋ 'ನಿನ್ನೆ ಎಷ್ಟು ಹೊತ್ತಿಗೆ ನಿದ್ದೆ ಬಂತು?' ಅಂತ ಸಣ್ಣದನ್ನು ಕೇಳಿ. ಉತ್ತರ ಬರದಿದ್ದರೆ ಸುಮ್ನೆ ಕೆಲಸ ಮುಂದುವರಿಸಿ. 'ಅಲ್ಲಿ ಯಾರನ್ನಾದ್ರೂ ಕೊಂದ್ಯಾ?' ಅನ್ನುವ ಪ್ರಶ್ನೆ ಮಾತ್ರ ಯಾವತ್ತೂ ಬೇಡ.

ಬಾಯಿ ಹೇಳದ್ದನ್ನು ಮೈ ಹೇಳುತ್ತದೆ. ಬಾಗಿಲು ಕಾಣುವ ಹಾಗೆ, ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಾನೆ. ಏನಾದರೂ ಧಡ್ ಅಂದರೆ ಕೈ ಸೊಂಟದ ಕಡೆ ಹೋಗುತ್ತದೆ. ನಿದ್ದೆಗೆ ಅಂತ ಕುಡಿಯುವುದು ಜಾಸ್ತಿಯಾಗುತ್ತದೆ, ಆದರೆ ಕುಡಿತದ ನಿದ್ದೆ ನಡುರಾತ್ರಿ ಒಡೆಯುತ್ತದೆ. ಕೆಟ್ಟ ಕನಸು ಬಿದ್ದು ಒದ್ದಾಡುತ್ತಿದ್ದರೆ ಮುಟ್ಟಿ ಎಬ್ಬಿಸಬೇಡಿ, ಕೈ ಬೀಸಿಬಿಡಬಹುದು. ದೂರ ನಿಂತು ಹೆಸರು ಹಿಡಿದು ಕರೆಯಿರಿ, ದೀಪ ಹಾಕಿ, 'ಮನೇಲಿದ್ದೀಯ' ಅನ್ನಿ.

'ಗಂಡಸಾಗು' ಅನ್ನಬೇಡಿ. 'ಗಂಡಸುತನ ಎಲ್ಲ ಬಿಟ್ಟುಬಿಡು' ಅಂತಲೂ ಉಪದೇಶ ಬೇಡ, ಅವನಿಗೆ ಉಳಿದಿರುವ ಹೆಮ್ಮೆ ಅದೊಂದೇ ಇರಬಹುದು ಅಲ್ವಾ? ಆ ಹೆಮ್ಮೆಯನ್ನೇ ಹಿಡಿದು ಮಾತಾಡಿ: ಮಂಡಿ ಉಳುಕಿದರೆ ಡಾಕ್ಟರಿಗೆ ತೋರಿಸುತ್ತಿದ್ದೆ ತಾನೇ, ಇದೂ ಡ್ಯೂಟಿಯಲ್ಲಿ ಆದ ಗಾಯವೇ. ಹೇಡಿತನ ಅಂದುಕೊಂಡಿದ್ದರೆ ಒಂದು ವಿಷಯ ಹೇಳಿ. ಮೊದಲ ಮಹಾಯುದ್ಧದಲ್ಲಿ ಓಡಿಹೋದರು, ಹೆದರಿದರು ಎಂಬಂಥ ಆರೋಪ ಹೊರಿಸಿ ಬ್ರಿಟನ್ ತನ್ನದೇ ಸೈನಿಕರಿಗೆ ಗುಂಡಿಕ್ಕಿತ್ತು. ಅಂಥ 306 ಜನರಿಗೆ 2006ರಲ್ಲಿ ಅದೇ ಸರ್ಕಾರ ಕ್ಷಮೆ ಕೊಟ್ಟಿತು. ಅವರಲ್ಲಿ ಕೆಲವರನ್ನೂ ಕಾಡಿದ್ದಿರಬಹುದಾದ ಈ ಮನಸ್ಸಿನ ಗಾಯಕ್ಕೆ ಪಿಟಿಎಸ್‌ಡಿ (ಭಯಾನಕ ಅನುಭವದ ನಂತರ ಉಳಿದುಬಿಡುವ ಆಘಾತದ ಕಾಯಿಲೆ) ಅಂತ ಹೆಸರಿಟ್ಟು ವೈದ್ಯರ ಪುಸ್ತಕಕ್ಕೆ ಸೇರಿಸಿದ್ದೇ 1980ರಲ್ಲಿ.

ಒಂದು ತಿಂಗಳಾದರೂ ಇದೆಲ್ಲ ಇಳಿಯದಿದ್ದರೆ ಮನೋವೈದ್ಯರ ಹತ್ತಿರ ಹೋಗಲೇಬೇಕು. ನೀವು ಹೇಳುವುದಕ್ಕಿಂತ, ಚಿಕಿತ್ಸೆ ತಗೊಂಡ ಹಳೆಯ ಜೊತೆಗಾರ ಒಬ್ಬ ಹೇಳಿದರೆ ಬೇಗ ಒಪ್ಪುತ್ತಾನೆ. ಇದಕ್ಕೆಂದೇ ಇರುವ ಒಂದು ಮಾತಿನ ಚಿಕಿತ್ಸೆ ಸುಮಾರು 12 ಭೇಟಿಗಳದ್ದು. ಲೆಕ್ಕ ಗೊತ್ತಿದ್ದರೆ ಅವನಿಗೂ ಸಮಾಧಾನ.

ಸಾಯುವ ಮಾತು ಬಂದರೆ ಮಾತ್ರ ಸುತ್ತಿಬಳಸಬೇಡಿ. 'ಸಾಯಬೇಕು ಅನ್ಸುತ್ತಾ?' ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬಂದೂಕು ಇದ್ದರೆ ಮನೆಯಿಂದ ಹೊರಗೆ ಹೋಗಲಿ. ಅವನನ್ನು ಒಂಟಿಯಾಗಿ ಬಿಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಚಿಕಿತ್ಸೆಯ ಮೊದಲ ದಿನ ಜೊತೆಗೆ ಹೋಗಿ ಹೊರಗೆ ಕೂತಿರಿ. ವಾಪಸ್ ಬರುವಾಗ ಒಳಗೆ ಏನಾಯ್ತು ಅಂತ ಕೇಳಬೇಡಿ.