ಬಳ್ಳಾರಿ ಜೀನ್ಸ್ ಟೈಲರ್‌ಗಳ ಕೈಯಲ್ಲಿ ಟರ್ಕಿ ಸಿಪಾಯಿಯ ಕೋಟು

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಇರಾಕ್ ಕಡೆ ಸೆರೆ ಹಿಡಿದ ಟರ್ಕಿ ಸಿಪಾಯಿಗಳಲ್ಲಿ ಕೆಲವರನ್ನು ನಮ್ಮ ಬಳ್ಳಾರಿಗೂ ತಂದಿಟ್ಟಿದ್ದರು. ಇದು ಊರಲ್ಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1917ರಲ್ಲಿ ರೆಡ್‌ಕ್ರಾಸ್‌ನವರು ಭಾರತ, ಬರ್ಮಾದ ಶಿಬಿರಗಳನ್ನು ನೋಡಿ ವರದಿ ಬರೆದರು, ಅದರಲ್ಲಿ ಬಳ್ಳಾರಿ ಹೆಸರೂ ಇದೆ. ಆಗ ನಾವು ಮದ್ರಾಸ್ ಪ್ರಾಂತ್ಯ. ಗೆಳೆಯರು ಇದನ್ನೇ ಇಟ್ಟುಕೊಂಡು ಒಂದು ಕಿರುಚಿತ್ರ ಮಾಡಿದರು, ಬಟ್ಟೆ ಕೆಲಸ ನನ್ನ ಪಾಲಿಗೆ ಬಂತು.

ಕಥೆ ಇಷ್ಟೇ. ಬಾಸ್ರಾ ಹತ್ತಿರ ಸಿಕ್ಕಿಬಿದ್ದ ಒಬ್ಬ ಸಿಪಾಯಿ ತನ್ನ ಹಳೇ ಕೋಟನ್ನು ಬಿಡುವುದೇ ಇಲ್ಲ. ಅವನು ತಪ್ಪಿಸಿಕೊಳ್ಳಲ್ಲ, ಗುಂಡು ಹಾರಲ್ಲ. ಹಾಗಾದರೆ ವರ್ಷಗಳು ಕಳೆದವು ಅಂತ ನೋಡುವವರಿಗೆ ತಿಳಿಯೋದು ಹೇಗೆ? ಗಡ್ಡ ಅಂಟಿಸಿದರೆ ಸಾಲದು, ಕೋಟು ಹೇಳಬೇಕು. ಅದಕ್ಕೇ ಒಂದೇ ಅಳತೆಯ ಮೂರು ಕೋಟು ಹೊಲಿಸಿದೆ: ಹೊಸದು, ಮಾಸಿದ್ದು, ಸವೆದದ್ದು.

ಬಟ್ಟೆ ಅಪ್ಪಟ ಹತ್ತಿಯ ಖಾಕಿಯೇ ಆಗಬೇಕು. ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಕ್ಯಾಮೆರಾ ಮುಂದೆ ಮಿಂಚುತ್ತೆ, ಎಷ್ಟು ಒಗೆದರೂ ಮಾಸಲ್ಲ. ಹೊಲಿಗೆಗೆ ಕೌಲ್ ಬಜಾರ್ ಕಡೆಯ ಜೀನ್ಸ್ ಟೈಲರ್ ಹತ್ತಿರ ಹೋದೆ. ಬಟ್ಟೆ ಹಳೇದು ಮಾಡೋದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ, ಅದೇ ಅವರ ದಂಧೆ ಅಲ್ವಾ! "ತೂತು ಎಷ್ಟು ಬೇಕ್ರೀ ಸರ್, ಮೊಣಕಾಲಿಗಾ ಮೊಣಕೈಗಾ?" ಅಂದ್ರು. ತೂತು ಬೇಡ, ತೇಪೆ ಬೇಕು ಅಂದೆ. ಕೈದಿ ತೂತು ಇಟ್ಟುಕೊಂಡು ಓಡಾಡಲ್ಲ, ಸೂಜಿ ಸಿಕ್ಕರೆ ಹೊಲಿದುಕೊಳ್ಳುತ್ತಾನೆ, ಅದೂ ಕೈಗೆ ಸಿಕ್ಕ ದಾರದಲ್ಲಿ. ಹಾಗಾಗಿ ತೇಪೆಯನ್ನು ಮಷಿನ್‌ಗೆ ಕೊಡದೆ ಕೈಯಲ್ಲೇ ಹಾಕಿಸಿದೆ, ದಾರದ ಬಣ್ಣ ಬೇಕಂತಲೇ ಬೇರೆ.

ಎರಡು ಕೋಟುಗಳನ್ನು ವಾಷಿಂಗ್ ಘಟಕದಲ್ಲಿ ಪ್ಯೂಮಿಸ್ ಅನ್ನೋ ಹಗುರ, ಒರಟು ಕಲ್ಲು ಹಾಕಿ ತಿರುಗಿಸಿದರು. ಆದರೆ ಮಷಿನ್ ಎಲ್ಲಾ ಕಡೆ ಒಂದೇ ಥರ ಮಾಸಿಸುತ್ತೆ, ಬಿಸಿಲು ಹಾಗಲ್ಲ. ಬಿಸಿಲಿಗೆ ಹೆಗಲು, ಬೆನ್ನಿನ ಮೇಲ್ಭಾಗ ಬಿಳಚುತ್ತೆ. ಬೆಲ್ಟಿನ ಅಡಿ, ಜೇಬಿನ ಮುಚ್ಚಳದ ಕೆಳಗೆ ಮೊದಲಿನ ಬಣ್ಣವೇ ಉಳಿಯುತ್ತೆ. ಅದಕ್ಕೇ ಅಷ್ಟು ಜಾಗಕ್ಕೆ ತೇಪೆ ಥರ ಬಟ್ಟೆಯನ್ನು ಕಚ್ಚಾ ಹೊಲಿಗೆ ಹಾಕಿ ಮುಚ್ಚಿ, ಆಮೇಲೆ ತಿರುಗಿಸಿ ಬಿಚ್ಚಿದೆವು. ಹೆಗಲ ಪಟ್ಟಿಯನ್ನು ಕಿತ್ತ ಜಾಗದಲ್ಲೂ ಹೀಗೇ ಮಾಡಿದ್ದರಿಂದ ಅದರ ಕಡು ಗುರುತು ನಿಂತಿತು. ಇಡೀ ಚಿತ್ರದಲ್ಲಿ ನನಗೆ ಇಷ್ಟವಾದದ್ದು ಅದೇ, ಅವನ ದರ್ಜೆ ಹೋಯಿತು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮೊಣಕೈ, ಕಾಲರ್ ಅಂಚಿಗೆ ಎಮರಿ ಕಾಗದ ಉಜ್ಜಿದರೆ ಸಾಕು.

ಬೆವರಿಗೆ ಉಪ್ಪುನೀರು. ಗಟ್ಟಿಯಾಗಿ ಕಲಸಿ ಬೆನ್ನಿಗೆ, ಕಂಕುಳಿಗೆ ಚಿಮುಕಿಸಿ ಹೊರಗೆ ನೇತುಹಾಕಿದೆ. ಬಳ್ಳಾರಿ ಬಿಸಿಲು ಗೊತ್ತಲ್ಲ, ಬೇಗನೇ ಬಿಳಿ ಗೆರೆ ಮೂಡಿತು.

ಧೂಳಿನ ವಿಷಯಕ್ಕೆ ನಿರ್ದೇಶಕರ ಜೊತೆ ಜಗಳವೇ ಆಯಿತು. ಅವರಿಗೆ ಸಂಡೂರು ಕಡೆಯ ಅದಿರಿನ ಕಡುಗೆಂಪು ಬೇಕಿತ್ತು, ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತೆ ಅಂತ. ಅದು ಈಗಿನ ಅದಿರು ಲಾರಿಗಳ ಬಣ್ಣ ಸ್ವಾಮಿ, 1917ರ ಕಂಟೋನ್ಮೆಂಟ್‌ದಲ್ಲ ಅಂದೆ. ಕೊನೆಗೆ ಶೂಟಿಂಗ್ ಜಾಗದ ಮಣ್ಣನ್ನೇ ಜರಡಿ ಹಿಡಿದು ಬಳಸಿದೆವು.

1918ರ ಅಕ್ಟೋಬರ್ ಕೊನೆಗೆ ಟರ್ಕಿ ಕದನ ವಿರಾಮಕ್ಕೆ ಸಹಿ ಹಾಕಿತು, ಹಾಗಂತ ಕೈದಿಗಳು ಮರುದಿನವೇ ಊರಿಗೆ ಹೋಗಲಿಲ್ಲ. ಮೂರನೇ ಕೋಟು ಈ ಕಾಯುವ ದೃಶ್ಯಗಳಿಗೆ. ಉಪ್ಪಿಗೆ ಕತ್ತು ಉರಿಯುತ್ತೆ ಅಂತ ನಟ ಗೋಳಾಡಿದ. ಒಳಗೆ ಬನಿಯನ್ ಕೊಟ್ಟೆ, ಕಾಲರ್ ಒಳಗೆ ಮಲ್ ಬಟ್ಟೆ ಹೊಲಿಸಿದೆ, ಸುಮ್ಮನಾದ.