ರೈಫಲ್ ಯಾವುದು ಅಂತ ಆಮೇಲೆ, ಮೊದಲು ವೀಸಾ ಯಾವುದು ಹೇಳಿ

"ಅಣ್ಣಾ, ಸಾವಿರ ಗಜದ ರೈಫಲ್ ಮ್ಯಾಚಿಗೆ ಹೋಗಬೇಕು, ಯಾವ ರೈಫಲ್ ತಗೊಳ್ಳಲಿ?" ದಾವಣಗೆರೆ, ದುರ್ಗದಿಂದ ಅಮೆರಿಕಕ್ಕೆ ಬಂದ ಹುಡುಗರು ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳೋದು ಒಂದೇ: ನೀನು ಯಾವ ವೀಸಾದಲ್ಲಿದ್ದೀಯಪ್ಪಾ?

ನಮ್ಮೂರಲ್ಲಿ ಬೆಳೆ ಕಾಯೋಕೆ ಬಂದೂಕು ಬೇಕಂದ್ರೂ ಡಿಸಿ ಆಫೀಸು, ಪೊಲೀಸ್ ವರದಿ ಅಂತ ಓಡಾಡಬೇಕು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕಾಗುವುದೂ ಉಂಟು. ಇಲ್ಲಿ ಅಂಗಡಿಯಲ್ಲೇ ಮಾರುತ್ತಾರೆ ಅನ್ನೋದು ನಿಜ. ಆದರೆ ಎಚ್-1ಬಿ, ಎಚ್-4, ಎಲ್-1, ಎಫ್-1 ವೀಸಾದವರು, ಅಂದರೆ ಕೆಲಸಕ್ಕೋ ಓದಿಗೋ ಕುಟುಂಬದವರಾಗಿಯೋ ತಾತ್ಕಾಲಿಕವಾಗಿ ಬಂದವರು, ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಬಾಡಿಗೆಗೆ ತಗೊಂಡರೂ ಅಷ್ಟೇ, ಗೆಳೆಯನ ರೈಫಲ್ ಒಂದು ಸಲ ಹಿಡಿದರೂ ಅಷ್ಟೇ. ಶಿಕ್ಷೆ 15 ವರ್ಷದವರೆಗೂ ಹೋಗಬಹುದು. ವೀಸಾ ಕತೆಯನ್ನಂತೂ ಕೇಳಲೇಬೇಡಿ.

ಒಂದು ದಾರಿ ಇದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಕೈಯಲ್ಲಿದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಬೇಟೆ ಆಡದಿದ್ದರೂ ಗುರಿ ಹೊಡೆಯುವವರು ಅದನ್ನು ಮಾಡಿಸೋದು ಇದಕ್ಕೇ. ಲೈಸೆನ್ಸ್ ಬಂದ ಮೇಲಷ್ಟೇ ರೈಫಲ್ ಮುಟ್ಟಿ, ಅವಧಿ ಮುಗಿಯುವ ದಿನ ಫೋನಿನಲ್ಲಿ ಗುರುತು ಹಾಕಿಕೊಳ್ಳಿ, ವಲಸೆ ವಕೀಲರನ್ನೂ ಒಮ್ಮೆ ಕೇಳಿ. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ, ಇದ್ದವರಿಗೆ ಈ ತಾಪತ್ರಯ ಇಲ್ಲ. ಹಾಗಂತ ಗ್ರೀನ್ ಕಾರ್ಡ್ ಗೆಳೆಯನ ಹೆಸರಲ್ಲಿ ನಿಮಗಾಗಿ ಬಂದೂಕು ಕೊಡಿಸಿಕೊಂಡರೆ, ಕೊಳ್ಳುವಾಗ ಅಂಗಡಿಯಲ್ಲಿ ತುಂಬುವ 4473 ನಂಬರಿನ ಫಾರ್ಮಿನಲ್ಲಿ ಸುಳ್ಳು ಬರೆದ ಕೇಸು ಅವನ ತಲೆಗೂ ಬರುತ್ತದೆ. ರಾಜ್ಯದ ಕಾನೂನು ಬೇರೆ ಇರುತ್ತದೆ: ಇಲಿನಾಯ್ಸ್, ನ್ಯೂಜೆರ್ಸಿಯಲ್ಲಿ ಮೊದಲು ಬಂದೂಕಿಗೆಂದೇ ರಾಜ್ಯ ಕೊಡುವ ಕಾರ್ಡ್ ಮಾಡಿಸಬೇಕು, ಟೆಕ್ಸಾಸಿನಲ್ಲಿ ಬೇಡ.

ಇನ್ನು ಮ್ಯಾಚು. ಪ್ರಿಸಿಷನ್ ರೈಫಲ್ ಸೀರೀಸ್ ಅನ್ನೋದು ದೂರದ ಗುರಿ ಹೊಡೆಯುವ ಪಂದ್ಯಗಳ ಸರಣಿ. ಆ ಮಾದರಿಯ ಪಂದ್ಯದಲ್ಲಿ ಹತ್ತಿಪ್ಪತ್ತು ಕಡೆ ಬೇರೆ ಬೇರೆ ಸವಾಲು ಇಟ್ಟಿರುತ್ತಾರೆ. ಒಂದೊಂದನ್ನೂ ಸ್ಟೇಜ್ ಅನ್ನುತ್ತಾರೆ. ಒಂದು ಸ್ಟೇಜಿಗೆ ಸುಮಾರು 90 ಸೆಕೆಂಡಿನಿಂದ ಎರಡು ನಿಮಿಷ, ಹತ್ತು ಗುಂಡಿನ ಆಸುಪಾಸು. ಮರದ ಅಡ್ಡೆಗೋ ಟ್ರಾಕ್ಟರ್ ಟೈರಿಗೋ ರೈಫಲ್ ಆನಿಸಿ ದೂರದ ಸ್ಟೀಲ್ ಪ್ಲೇಟಿಗೆ ಹೊಡೆಯಬೇಕು. ತಗುಲಿದರೆ ಹಿಂದೆ ದುರ್ಬೀನು ಹಿಡಿದು ಕೂತವರು "ಇಂಪ್ಯಾಕ್ಟ್" ಅಂತ ಕೂಗುತ್ತಾರೆ.

ಕಷ್ಟ ಇರೋದು ಗಾಳಿಯಲ್ಲಿ. ದೂರಕ್ಕೆ ತಕ್ಕಂತೆ ಗುರಿಯನ್ನು ಎಷ್ಟು ಮೇಲಕ್ಕೆ ಎತ್ತಿ ಹಿಡಿಯಬೇಕು ಅನ್ನೋದನ್ನು ಫೋನಿನ ಆ್ಯಪ್ ಹೇಳಿಬಿಡುತ್ತದೆ. ಗಾಳಿಯನ್ನು ಮಾತ್ರ ನಾವೇ ಅಳೆಯಬೇಕು. ಇಂಥ ಪಂದ್ಯಗಳಲ್ಲಿ ಬಳಸುವ 6.5 ಕ್ರೀಡ್‌ಮೋರ್ ಅನ್ನುವ ಗುಂಡು ಸಾವಿರ ಗಜ, ಅಂದರೆ 914 ಮೀಟರ್ ದಾಟೋಕೆ ಸುಮಾರು ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೆ ಅಷ್ಟರಲ್ಲಿ ಸುಮಾರು ಆರು ಅಡಿ ಪಕ್ಕಕ್ಕೆ ಸರಿದಿರುತ್ತದೆ. ಗಾಳಿ ಅಳೆಯುವ ಮೀಟರ್ ತೋರಿಸೋದು ನೀವು ನಿಂತ ಜಾಗದ ಗಾಳಿ ಮಾತ್ರ. ನಡುವೆ ಹುಲ್ಲು ಯಾವ ಕಡೆ ವಾಲುತ್ತಿದೆ, ಗುರಿಯ ಹತ್ತಿರ ಧೂಳು ಎತ್ತ ಹೋಗುತ್ತಿದೆ ಅಂತಲೂ ನೋಡಬೇಕು. ಇದರಲ್ಲಿ ದುರ್ಗದವರು ಒಂದು ಕೈ ಮುಂದೆ ಅಂತ ನನ್ನ ಅನಿಸಿಕೆ. ಗಾಳಿಯಂತ್ರ ನಿಂತ ಗುಡ್ಡಗಳ ನಡುವೆ ಬೆಳೆದವರಿಗೆ ನೆತ್ತಿಯ ಗಾಳಿಯೇ ಬೇರೆ, ತಪ್ಪಲಿನ ಗಾಳಿಯೇ ಬೇರೆ ಅಂತ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಸುಮ್ನೆ ದುಬಾರಿ ರೈಫಲಿಗೆ ಕೈ ಹಾಕಬೇಡಿ. ಪಾಯಿಂಟ್ 22 ರೈಫಲಿನ ಕ್ಲಬ್ ಪಂದ್ಯಗಳಿವೆ, ಗುರಿ ನೂರು ಗಜದೊಳಗೆ, ಖರ್ಚು ಕಡಿಮೆ. ಎನ್‌ಸಿಸಿಯಲ್ಲಿ ಹಿಡಿದದ್ದೂ ಅದೇ ಅಳತೆಯ ಗುಂಡಿನ ರೈಫಲ್ ತಾನೇ. ಜೊತೆಯವರು ಮರಳು ಚೀಲ, ಟ್ರೈಪಾಡ್ ಕೇಳದೆಯೇ ಕೊಡುತ್ತಾರೆ. ಕಟ್ಟುನಿಟ್ಟು ಇರೋದು ಸುರಕ್ಷತೆಯಲ್ಲಿ ಮಾತ್ರ: ಸ್ಟೇಜಿನ ಹೊರಗೆ ಗುಂಡು ತುಂಬುವ ಮ್ಯಾಗಜಿನ್ ಬಿಚ್ಚಿ, ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ತೆರೆದಿರಬೇಕು, ನಳಿಗೆ ಯಾರ ಕಡೆಗೂ ತಿರುಗಬಾರದು. ತಪ್ಪಿದರೆ ಮನೆಗೆ ಕಳಿಸುತ್ತಾರೆ, ಮುಲಾಜಿಲ್ಲ.

ಊರಿಗೆ ಹೊರಡುವಾಗ ರೇಂಜಿಗೆ ಒಯ್ಯುವ ಬ್ಯಾಗಿನಲ್ಲಿ ಬಟ್ಟೆ ತುಂಬಬೇಡಿ. ಮೂಲೆಯಲ್ಲಿ ಉಳಿದ ಒಂದೇ ಗುಂಡು ಬೆಂಗಳೂರು ಏರ್‌ಪೋರ್ಟಿನ ಎಕ್ಸ್‌ರೇಯಲ್ಲಿ ಕಂಡರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು. ರೈಫಲ್ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪನ್ನೂ ಇಲ್ಲೇ ಬಿಟ್ಟು ಹೋಗಿ, ಅದು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ.